ವಿಕಾಸವೆಂಬ ಮಾತು ಮತ್ತು ಪ್ರೌಢಶಾಲೆಯ ಜೀವಶಾಸ್ತ್ರ

ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ ಭದ್ರಾನದಿಯ ದಡದಲ್ಲಿರುವ ಹೊಳೆಹೊನ್ನೂರಿನ ಹೆಸರನ್ನು ಬಿಡಿಸಿ ನೋಡಿದರೆ, ಕನ್ನಡ ಭಾಷೆಯ ಸಾವಿರ ವರ್ಷದ ಚರಿತ್ರೆಯ ಒಂದು ತುಣುಕು ಅದರೊಳಗೆ ಅಡಗಿರುವುದು ಕಾಣುತ್ತದೆ. ‘ಹೊಳೆ’ ಎಂಬುದು ಹಳಗನ್ನಡದ ‘ಪೊೞೆ’. ‘ಹೊನ್ನು’ ಎಂಬುದು ‘ಪೊನ್’. ಪದದ ಮೊದಲಿನ ಪಕಾರವು ಹಕಾರವಾದುದು, ೞಕಾರವು ಳಕಾರದಲ್ಲಿ ಬೆರೆತುಹೋದುದು, ಈ ಎರಡು ಮಾರ್ಪಾಟುಗಳೂ ಆ ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ. ಹಕಾರದ ರೂಪಗಳು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ತಲೆದೋರಿ, ನಡುಗನ್ನಡದ ಕಾಲಕ್ಕೆ ನೆಲೆನಿಂತುವೆಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ.

ಇಂಥ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರು ‘ಪಾಲ್–ಹಾಲು, ಪೂ–ಹೂ, ಪಗೆ–ಹಗೆ’ ಎಂದು ಕರಿಹಲಗೆಯ ಮೇಲೆ ಬರೆದಾಗ ಯಾವ ವಿದ್ಯಾರ್ಥಿಯೂ ತಕರಾರು ಮಾಡುವುದಿಲ್ಲ. ಪಕಾರವು ಹಕಾರವಾದುದನ್ನು ಕಣ್ಣಾರೆ ಕಂಡವರು ಯಾರು ಎಂದು ಒಬ್ಬನೂ ಕೇಳುವುದಿಲ್ಲ. ‘ಹಾಲು’ ಎಂಬುದು ‘ಪಾಲ್’ ಎಂಬುದಕ್ಕಿಂತ ಉತ್ತಮವಾದ, ಮುಂದುವರಿದ ಮಾತೆಂದು ಯಾರೂ ಭಾವಿಸುವುದಿಲ್ಲ. ಕನ್ನಡವೂ ತಮಿಳೂ ಒಂದೇ ಮೂಲದಿಂದ ಬಂದುವೆಂದಾಗ, ಹಾಗಾದರೆ ತಮಿಳು ಇನ್ನೂ ಏಕೆ ಉಳಿದಿದೆ ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಮಗ್ಗುಲ ಕೊಠಡಿಯಲ್ಲಿ ವಿಜ್ಞಾನದ ಶಿಕ್ಷಕರು ಜೀವವಿಕಾಸದ ಪಾಠಕ್ಕೆ ತೊಡಗಿದೊಡನೆ ಈ ಮೂರು ಪ್ರಶ್ನೆಗಳೂ ಏಳುತ್ತವೆ. ಕೋತಿ ಮನುಷ್ಯನಾದುದನ್ನು ಕಂಡವರಾರು? ಮನುಷ್ಯನೇ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲವೆ? ಕೋತಿಯಿಂದ ಮನುಷ್ಯನು ಬಂದಿದ್ದರೆ ಕೋತಿಗಳು ಇನ್ನೂ ಏಕೆ ಇವೆ? ಅದೇ ಬಾಲಕರು, ಅದೇ ಬುದ್ಧಿ; ಒಂದು ಕೊಠಡಿಯಲ್ಲಿ ಸಲೀಸಾಗಿ ಒಪ್ಪಿಗೆಯಾದ ತರ್ಕವು ಇನ್ನೊಂದರಲ್ಲಿ ಏಕೆ ಎಡವುತ್ತದೆಂಬುದು ವಿಚಾರಾರ್ಹವಾದುದು. ಮನುಷ್ಯನ ಅಭಿಮಾನವೂ ಶ್ರದ್ಧೆಯೂ ಇದಕ್ಕೆ ಕಾರಣವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಕಾರಣದ ಒಂದು ಭಾಗವು ಪಾಠದ ಹೆಸರಿನಲ್ಲಿಯೇ ಇದೆ.

ಡಾರ್ವಿನ್ನನ ಸಿದ್ಧಾಂತಕ್ಕೆ ಭಾರತದ ಭಾಷೆಗಳು ಬೇರೆಬೇರೆ ಹೆಸರುಗಳನ್ನು ಆರಿಸಿಕೊಂಡುವು. ತಮಿಳು, ತೆಲುಗು, ಮಲಯಾಳಗಳಲ್ಲಿ ‘ಪರಿಣಾಮ’ ಎಂಬ ಮಾತು ನಿಂತಿತು, ಬಂಗಾಳಿಯಲ್ಲಿ ‘ವಿವರ್ತನ’, ಮರಾಠಿಯಲ್ಲಿ ‘ಉತ್ಕ್ರಾಂತಿ’. ಹಿಂದಿಯೂ ಕನ್ನಡವೂ ‘ವಿಕಾಸ’ವನ್ನು ಹಿಡಿದುವು. ದಕ್ಷಿಣದ ನಾಲ್ಕು ಸಾಹಿತ್ಯಭಾಷೆಗಳೊಳಗೆ ಕನ್ನಡವೊಂದೇ ಹೀಗೆ ಬೇರೆಯ ದಾರಿ ತುಳಿದುದು ಗಮನಿಸತಕ್ಕ ಸಂಗತಿ. ಈ ನಾಲ್ಕೂ ಸಂಸ್ಕೃತಪದಗಳೇ. ನಾಲ್ಕಕ್ಕೂ ಡಾರ್ವಿನ್ನನಿಗಿಂತ ಬಹಳ ಹಿಂದಿನಿಂದ ಬಂದ ಅರ್ಥಗಳಿವೆ. ಆ ಅರ್ಥಗಳು ಹೊಸ ಮನೆಗೆ ಬಂದಮೇಲೆಯೂ ಹಳೆಯ ನಡತೆಯನ್ನು ಬಿಡಲಿಲ್ಲ.

ಇದನ್ನು ಪರೀಕ್ಷಿಸುವುದಕ್ಕೆ ಹೊಳೆಹೊನ್ನೂರಿಗಿಂತ ತಕ್ಕ ಸ್ಥಳವು ದೊರೆಯುವುದು ಕಷ್ಟ. ಉತ್ತರಾದಿಮಠದ ಪೀಠದಲ್ಲಿ ೧೭೯೭ರಿಂದ ೧೮೩೦ರವರೆಗೆ ಇದ್ದು, ಭಾಗವತಕ್ಕೆ ಟಿಪ್ಪಣಿ ಬರೆದ ಸತ್ಯಧರ್ಮತೀರ್ಥರ ವೃಂದಾವನವಿರುವುದು ಈ ಊರಿನಲ್ಲಿ. ಸಮೀಪದಲ್ಲೇ ತುಂಗೆಯೂ ಭದ್ರೆಯೂ ಸೇರುವ ಕೂಡಲಿ. ಅಲ್ಲಿ ಅದ್ವೈತಮಠವೂ ಇದೆ, ಅಕ್ಷೋಭ್ಯತೀರ್ಥರ ಪರಂಪರೆಯ ದ್ವೈತಮಠವೂ ಇದೆ. ಪರಿಣಾಮ, ವಿವರ್ತ, ಉತ್ಕ್ರಾಂತಿ ಎಂಬ ಮಾತುಗಳು ಇಂಥ ಮಠಗಳ ವಾದಗ್ರಂಥಗಳಲ್ಲಿ ದಿನಬಳಕೆಯ ಪರಿಭಾಷೆ. ಆ ಪಾಠದಲ್ಲಿ ಬೆಳೆದವನಿಗೆ ‘ಪರಿಣಾಮ’ವೆಂದರೆ ಹಾಲು ಮೊಸರಾಗುವ ಬಗೆ: ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದ್ದು ಹೊರಪಡುವುದು. ಸಾಂಖ್ಯರ ಮೂಲಪ್ರಕೃತಿಯಿಂದ ಮಹತ್ತು, ಅಹಂಕಾರ ಮೊದಲಾದ ತತ್ತ್ವಗಳು ಹೊರಡುವುದೂ ಇದೇ ಕ್ರಮದಲ್ಲಿ. ‘ವಿವರ್ತ’ವೆಂದರೆ ಹಗ್ಗವು ಹಾವಾಗಿ ತೋರುವುದು, ಅಲ್ಲಿ ಮಾರ್ಪಾಟು ನಿಜವಾಗಿ ನಡೆದೇ ಇಲ್ಲ. ಬಂಗಾಳದ ಜೀವಶಾಸ್ತ್ರದ ಪುಸ್ತಕಗಳು ಈ ಮೂಲದ ಮಾತನ್ನು ನಿಜವಾದ ಮಾರ್ಪಾಟಿನ ಹೆಸರಾಗಿ ಬಳಸುತ್ತಿವೆಯೆಂದರೆ ಕೂಡಲಿಯ ಅದ್ವೈತಿಗಳಿಗೆ ಸೋಜಿಗವಾದೀತು. ‘ಉತ್ಕ್ರಾಂತಿ’ಯಂತೂ ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಜೀವನು ದೇಹವನ್ನು ಬಿಟ್ಟು ಹೊರಡುವುದರ ಹೆಸರು, ಎಂದರೆ ಮರಣಪ್ರಸಂಗದ ಮಾತು.

ಮರಾಠಿಯ ಈ ಮಾತು ಉತ್ತರ ಕರ್ನಾಟಕದ ಕನ್ನಡಕ್ಕೂ ಬಂತು. ಲೋಕಮಾನ್ಯ ತಿಲಕರು ೧೯೧೫ರಲ್ಲಿ ಪ್ರಕಟವಾದ ತಮ್ಮ ‘ಗೀತಾರಹಸ್ಯ’ದಲ್ಲಿ ಸಾಂಖ್ಯರ ಗುಣಪರಿಣಾಮವನ್ನೂ ಡಾರ್ವಿನ್, ಹೆಕೆಲ್ ಮೊದಲಾದವರ ಸಿದ್ಧಾಂತವನ್ನೂ ಎದುರುಬದುರಾಗಿಟ್ಟು ಚರ್ಚಿಸಿದರು. ಆಲೂರ ವೆಂಕಟರಾಯರು ಆ ಗ್ರಂಥವನ್ನು ಕನ್ನಡಿಸಿದುದರಿಂದ ಈ ಹೋಲಿಕೆಯು ಕನ್ನಡ ವಾಚಕರಿಗೂ ಪರಿಚಿತವಾಯಿತು. ಹೋಲಿಕೆಯು ಆಕರ್ಷಕವಾದುದೇ ಸರಿ. ಆದರೆ ಸಾಂಖ್ಯರ ಪರಿಣಾಮಕ್ಕೆ ಒಂದು ಗೊತ್ತಾದ ಕ್ರಮವಿದೆ. ತತ್ತ್ವಗಳ ಸಂಖ್ಯೆಯೂ ಅವು ಹೊರಡುವ ಸಾಲೂ ಮೊದಲೇ ನಿಶ್ಚಿತ. ಡಾರ್ವಿನ್ನನ ಸಿದ್ಧಾಂತದ ಹೊಸತನವಿರುವುದು ಅಂಥ ಸಾಲು ಯಾವುದೂ ಮೊದಲೇ ಬರೆದಿಲ್ಲವೆಂಬುದರಲ್ಲಿ.

‘ಪರಿಣಾಮ’ವನ್ನು ಕನ್ನಡವು ಏಕೆ ಕೈಬಿಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಆಡುಗನ್ನಡದಲ್ಲಿ ಆ ಮಾತಿಗೆ ಫಲ, ಪ್ರಭಾವ ಎಂಬ ಅರ್ಥವು ಬಲವಾಗಿ ಅಂಟಿಕೊಂಡಿದೆ. ವಚನಕಾರರ ಬಳಕೆಯಲ್ಲಿ ಅದಕ್ಕೆ ತೃಪ್ತಿ, ಸಮಾಧಾನವೆಂಬ ಅರ್ಥವೂ ಉಂಟು. ‘ಜೀವಪರಿಣಾಮ’ವೆಂದರೆ ಶಾಲೆಯ ಬಾಲಕನು ಜೀವಿಗಳ ಮೇಲೆ ಏನೋ ಉಂಟುಮಾಡಿದ ಪ್ರಭಾವವೆಂದು ತಿಳಿಯುವುದು ಸಹಜ. ಆದ್ದರಿಂದ ‘ವಿಕಾಸ’ವನ್ನು ಆರಿಸಿದವರು ಅವಿವೇಕಿಗಳಾಗಿರಲಿಲ್ಲ. ಆದರೆ ವಿಕಾಸವೆಂದರೆ ಅರಳುವುದು: ಮೊಗ್ಗು ಹೂವಾಗುವುದು, ಮುಖವು ಹರ್ಷದಿಂದ ಅಗಲವಾಗುವುದು. ಮೊಗ್ಗು ಅರಳುವಾಗ ಮಾರ್ಪಡುವುದು ಆ ಒಂದು ಮೊಗ್ಗೇ. ಹೂವು ಏನಾಗಬೇಕೆಂಬುದು ಮೊಗ್ಗಿನಲ್ಲಿ ಮೊದಲೇ ಸಿದ್ಧವಾಗಿದೆ. ಹೂವು ಮೊಗ್ಗಿಗಿಂತ ಮೇಲಾದ ಸ್ಥಿತಿ. ಈ ಮೂರು ಭಾವಗಳಲ್ಲಿ ಒಂದಾದರೂ ಜೀವಶಾಸ್ತ್ರಕ್ಕೆ ಒಪ್ಪುವಂತಿಲ್ಲ. ತರಗತಿಯಲ್ಲಿ ಏಳುವ ಮೂರು ಪ್ರಶ್ನೆಗಳು ಈ ಮೂರರಿಂದಲೇ ಹೊರಡುತ್ತವೆ.

ಪಶ್ಚಿಮದ ಭಾಷೆಗಳಲ್ಲಿಯೂ ಈ ತೊಡಕು ಇಲ್ಲದಿಲ್ಲ. ‘ಎವಲ್ಯೂಷನ್’ ಎಂಬುದರ ಮೂಲವಾದ ಲ್ಯಾಟಿನ್ ಧಾತುವಿಗೆ ಸುರುಳಿಯನ್ನು ಬಿಚ್ಚುವುದು ಎಂದರ್ಥ. ಸುರುಳಿಯಲ್ಲಿ ಬರೆದುದೇ ಬಿಚ್ಚಿದಾಗ ಕಾಣುವುದು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ, ಭ್ರೂಣದಲ್ಲಿ ಪ್ರಾಣಿಯು ಪೂರ್ತಿಯಾಗಿ ಮಡಿಸಿಟ್ಟಂತಿದ್ದು ಬಿಚ್ಚಿಕೊಳ್ಳುತ್ತದೆಂದು ವಾದಿಸಿದವರು ಈ ಮಾತನ್ನು ಬಳಸಿದರು. ಡಾರ್ವಿನ್ನನು ಇದನ್ನು ಅರಿತೇ ಇದ್ದನೆಂದು ತೋರುತ್ತದೆ. ೧೮೫೯ರಲ್ಲಿ ಹೊರಬಂದ ಅವನ ಪ್ರಭೇದಗಳ ಮೂಲವನ್ನು ಕುರಿತ ಗ್ರಂಥದ ಮೊದಲ ಆವೃತ್ತಿಯಲ್ಲಿ ಈ ನಾಮಪದವಿಲ್ಲ. ಅದರ ಕ್ರಿಯಾರೂಪವು ಗ್ರಂಥದ ಕಟ್ಟಕಡೆಯ ಪದವಾಗಿ ಒಂದೇ ಒಂದು ಸಲ ಬರುತ್ತದೆ. ನಾಮಪದವು ಆ ಗ್ರಂಥದೊಳಕ್ಕೆ ಬಂದುದು ೧೮೭೨ರ ಆರನೆಯ ಆವೃತ್ತಿಯಲ್ಲಿ. ಅಷ್ಟರಲ್ಲಿ ಹರ್ಬರ್ಟ್ ಸ್ಪೆನ್ಸರನು ಆ ಮಾತನ್ನು ಪ್ರಗತಿಯ ಇನ್ನೊಂದು ಹೆಸರೋ ಎಂಬಂತೆ ಊರೆಲ್ಲಾ ಹರಡಿದ್ದನು. ಡಾರ್ವಿನ್ನನು ತಾನಾಗಿ ಇಟ್ಟುಕೊಂಡಿದ್ದ ಹೆಸರನ್ನು ಕನ್ನಡದಲ್ಲಿ ಹೇಳಬೇಕಾದರೆ ‘ಮಾರ್ಪಾಟಿನೊಡನೆ ಸಾಗುವ ಸಂತತಿ’ ಎನ್ನಬಹುದು. ಇದರಲ್ಲಿ ಅರಳುವುದೂ ಇಲ್ಲ, ಏರುವುದೂ ಇಲ್ಲ.

ಈ ಹೆಸರು ಭಾಷಾಶಾಸ್ತ್ರದ ಅಭ್ಯಾಸಿಗಳ ಕಿವಿಗೆ ಹೊಸದಲ್ಲ. ಡಾರ್ವಿನ್ನನ ಗ್ರಂಥಕ್ಕೆ ಮೂರು ವರ್ಷ ಮೊದಲು, ೧೮೫೬ರಲ್ಲಿ, ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವು ಪ್ರಕಟವಾಯಿತು. ಅದಕ್ಕೂ ನಾಲ್ವತ್ತು ವರ್ಷ ಹಿಂದೆ ಎಲ್ಲಿಸನು ಈ ಭಾಷೆಗಳ ಬಾಂಧವ್ಯವನ್ನು ಸೂಚಿಸಿದ್ದನು. ಕನ್ನಡ, ತಮಿಳು, ತೆಲುಗು, ತುಳುಗಳು ಒಂದರಿಂದೊಂದು ಹುಟ್ಟಿದುವಲ್ಲ, ಈಗ ಕಣ್ಮರೆಯಾಗಿರುವ ಒಂದು ಮೂಲಭಾಷೆಯಿಂದ ಕವಲೊಡೆದುವೆಂಬ ಮಾತು ಆ ಗ್ರಂಥದಿಂದ ಬಲವಾಯಿತು. ಜರ್ಮನಿಯ ಶ್ಲೈಕರನು ೧೮೬೩ರಲ್ಲಿ ಡಾರ್ವಿನ್ನನ ಸಿದ್ಧಾಂತವನ್ನೂ ಭಾಷಾಶಾಸ್ತ್ರವನ್ನೂ ಹೋಲಿಸಿ ಒಂದು ಚಿಕ್ಕ ಪುಸ್ತಕವನ್ನೇ ಬರೆದನು. ಡಾರ್ವಿನ್ನನು ೧೮೭೧ರಲ್ಲಿ ಮನುಷ್ಯನ ವಂಶವನ್ನು ಕುರಿತು ಬರೆಯುವಾಗ, ಭಾಷೆಗಳು ಬೇರೆಯಾಗುವ ಬಗೆಗೂ ಪ್ರಭೇದಗಳು ಬೇರೆಯಾಗುವ ಬಗೆಗೂ ಇರುವ ವಿಚಿತ್ರವಾದ ಸಾಮ್ಯವನ್ನು ತಾನೇ ಎತ್ತಿ ತೋರಿಸಿದನು. ‘ಕೋತಿಗಳು ಇನ್ನೂ ಏಕೆ ಇವೆ’ ಎಂಬ ಪ್ರಶ್ನೆಗೂ ‘ತಮಿಳು ಇನ್ನೂ ಏಕೆ ಇದೆ’ ಎಂಬ ಯಾರೂ ಕೇಳದ ಪ್ರಶ್ನೆಗೂ ಉತ್ತರ ಒಂದೇ. ಇಂದಿನ ಕೋತಿಯು ಮನುಷ್ಯನ ಅಜ್ಜನಲ್ಲ, ದಾಯಾದಿ. ಕೂಡಲಿಯಲ್ಲಿ ಎರಡು ಹೊಳೆ ಸೇರಿ ಒಂದಾಗುತ್ತವೆ. ಜೀವಿಗಳ ಚರಿತ್ರೆಯು ಬಹುಮಟ್ಟಿಗೆ ಅದಕ್ಕೆ ತಿರುಗುಮುರುಗಾದುದು, ಒಂದು ಹೊಳೆ ಕವಲು ಕವಲಾಗಿ ಹರಿಯುವಂಥದು. ಏಣಿಯ ಚಿತ್ರಕ್ಕೆ ಬದಲಾಗಿ ಕವಲಿನ ಚಿತ್ರವನ್ನು ಮೊದಲ ದಿನವೇ ಬರೆದು ತೋರಿಸುವ ಶಿಕ್ಷಕರಿಗೆ ಮುಂದಿನ ಕೆಲಸವು ಅರ್ಧಕ್ಕರ್ಧ ಹಗುರವಾಗುತ್ತದೆ.

ಏಣಿಯ ಚಿತ್ರಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಆಸರೆಯೂ ದೊರೆಯಿತು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂಬ ಅವತಾರಗಳ ಸಾಲು ನೀರಿನ ಪ್ರಾಣಿಯಿಂದ ಮನುಷ್ಯನವರೆಗಿನ ವಿಕಾಸವನ್ನೇ ಹೇಳುತ್ತದೆಂಬ ವಾದವು ಥಿಯಾಸೊಫಿಯ ಬ್ಲಾವಟ್ಸ್ಕಿಯವರು ೧೮೭೭ರಲ್ಲಿ ಬರೆದ ಗ್ರಂಥದಲ್ಲಿ ಕಾಣುತ್ತದೆ. ಅಲ್ಲಿಂದೀಚೆಗೆ ಅದು ಅನೇಕ ತರಗತಿಗಳಲ್ಲಿ ಉಪಮಾನವಾಗಿ ಕೇಳಿಬಂದಿದೆ. ವಿಜ್ಞಾನದ ದೃಷ್ಟಿಯಿಂದ ಇದು ಸಲ್ಲದೆಂಬುದು ಹಾಗಿರಲಿ. ಮಾಧ್ವಸಿದ್ಧಾಂತದ ದೃಷ್ಟಿಯಿಂದಲೂ ಸಲ್ಲದು. ಮೂಲರೂಪಕ್ಕೂ ಅವತಾರರೂಪಗಳಿಗೂ ಭೇದವಿಲ್ಲ, ಮತ್ಸ್ಯಾವತಾರವು ಕೃಷ್ಣಾವತಾರಕ್ಕಿಂತ ಕಿರಿದಲ್ಲ ಎಂಬುದು ಆ ಮತದ ಖಚಿತವಾದ ನಿಲುವು. ಭಾಗವತಕ್ಕೆ ಟಿಪ್ಪಣಿ ಬರೆದ ಯತಿಗಳ ವೃಂದಾವನವಿರುವ ಊರಿನಲ್ಲಿ, ಮೀನಿನಿಂದ ಮೇಲೇರಿದ ಅವತಾರಗಳೆಂದು ಪಾಠ ಹೇಳಿದರೆ ಎರಡು ಶಾಸ್ತ್ರಗಳಿಗೂ ಒಟ್ಟಿಗೆ ಅಪಚಾರ ಮಾಡಿದಂತಾಗುತ್ತದೆ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಪ್ರಯತ್ನಗಳು ಈ ಶತಮಾನಕ್ಕೆ ಹಿಂದಿನದರ ಆರಂಭದಲ್ಲಿಯೇ ತಕ್ಕಮಟ್ಟಿಗೆ ನಡೆದುವು. ೧೯೧೫ರಲ್ಲಿ ಸಾಹಿತ್ಯ ಪರಿಷತ್ತೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ವೆಂಕಟನಾರಣಪ್ಪನವರು ಪಂಪಭಾರತವನ್ನೂ ಸಂಪಾದಿಸಿದರು, ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ಬರೆದರು. ಪಕಾರದ ಕನ್ನಡವೂ ಜೀವಿಗಳ ವಿಚಾರವೂ ಒಬ್ಬರ ಮೇಜಿನ ಮೇಲೆಯೇ ಕೂಡಿದ್ದ ಕಾಲ ಅದು. ಶಿವರಾಮ ಕಾರಂತರ ‘ಬಾಲಪ್ರಪಂಚ’ವು ೧೯೩೬ರಲ್ಲಿಯೂ, ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರಲ್ಲಿಯೂ ಬಂದುವು.

ಇದೇ ಕಾಲದಲ್ಲಿ ‘ವಿಕಾಸ’ಕ್ಕೆ ಪ್ರಗತಿಯ ಅರ್ಥವನ್ನು ಬಿಗಿಯಾಗಿ ಕಟ್ಟಿದವರು ವಿಜ್ಞಾನಿಗಳಲ್ಲ, ಸಾಹಿತ್ಯದವರು. ಷಟ್ಪದಿಯ ವಿಕಾಸ, ಗದ್ಯದ ವಿಕಾಸ, ಕಾದಂಬರಿಯ ವಿಕಾಸ ಎಂದು ಸಾಹಿತ್ಯಚರಿತ್ರೆಗಳು ಅಧ್ಯಾಯಗಳನ್ನು ಹಂಚಿದುವು. ಆರಂಭದ ಕೃತಿಗಳು ಎಳಸಾಗಿಯೂ ಕೊನೆಯವು ಪಕ್ವವಾಗಿಯೂ ಇರಬೇಕೆಂಬುದು ಆ ಮಾತಿನಲ್ಲೇ ಸೂಚಿತವಾಯಿತು. ಪಂಪನಿಂದ ಚರಿತ್ರೆಯು ತೊಡಗುವ ಭಾಷೆಯೊಂದರಲ್ಲಿ ಈ ಅಭಿಪ್ರಾಯವು ಹೇಗೆ ನಿಂತಿತೋ ಆಶ್ಚರ್ಯ. ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರಲ್ಲಿ ಶ್ರೀ ಅರವಿಂದರ ಪ್ರಭಾವದಿಂದ ವಿಕಾಸವು ಚೈತನ್ಯದ ಊರ್ಧ್ವಗತಿಯಾಯಿತು. ಕವಿಗೆ ಆ ಅರ್ಥವು ಸಲ್ಲುವಂಥದು. ‘ಶ್ರೀ ರಾಮಾಯಣ ದರ್ಶನಂ’ ಓದುವವರು ಅದನ್ನು ಬಿಟ್ಟು ಓದಲಾರರು. ಆದರೆ ಅದೇ ಮಾತು ಅದೇ ವಿದ್ಯಾರ್ಥಿಯ ವಿಜ್ಞಾನದ ಪುಸ್ತಕದಲ್ಲಿ ಬೇರೊಂದು ಕೆಲಸ ಮಾಡಬೇಕಾಗಿದೆಯೆಂಬುದನ್ನು ಹೇಳುವವರು ವಿರಳ. ಪೂರ್ಣಚಂದ್ರ ತೇಜಸ್ವಿಯವರು ೧೯೮೦ರ ‘ಕರ್ವಾಲೊ’ದಲ್ಲಿ ಮಲೆನಾಡಿನ ಹಾರುವ ಓತಿಯೊಂದನ್ನು ನಡುವಿಟ್ಟು ವಿಕಾಸದ ಪ್ರಶ್ನೆಯನ್ನು ಕಾದಂಬರಿಯ ವಸ್ತುವಾಗಿಸಿದಾಗ, ಮೆಟ್ಟಿಲೇರುವ ಜೀವರಾಶಿಯ ಚಿತ್ರಕ್ಕಿಂತ ಬೇರೆಯಾದ ನೋಟವೊಂದು ಸಾಹಿತ್ಯದ ತರಗತಿಗೂ ಬಂತು.

ಹಾಗಾದರೆ ಜೀವಶಾಸ್ತ್ರದ ಲಕ್ಷಣವಾಕ್ಯವೇನು? ಮೆಂಡಲನ ಪ್ರಯೋಗಗಳು ೧೮೬೬ರಲ್ಲಿ ಪ್ರಕಟವಾಗಿ ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಮೇಲೆ, ಅನುವಂಶೀಯತೆಯ ಶಾಸ್ತ್ರವನ್ನೂ ಡಾರ್ವಿನ್ನನ ಆಯ್ಕೆಯ ತತ್ತ್ವವನ್ನೂ ೧೯೩೦ ಮತ್ತು ೪೦ರ ದಶಕಗಳಲ್ಲಿ ಕೂಡಿಸಲಾಯಿತು. ೧೯೩೭ರ ಡಾಬ್ಝಾನ್‌ಸ್ಕಿಯವರ ಗ್ರಂಥದಿಂದೀಚೆಗೆ, ಒಂದು ಜೀವಿಸಮುದಾಯದಲ್ಲಿ ಅನುವಂಶೀಯ ಲಕ್ಷಣಗಳ ಪ್ರಮಾಣವು ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದೇ ವಿಕಾಸವೆಂಬ ನಿರೂಪಣೆಯು ನಿಂತಿತು. ಮಲೆನಾಡಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಚಳಿಜ್ವರಕ್ಕೆ ಹೆಸರಾಗಿದ್ದ ಈ ಸೀಮೆಗಳಲ್ಲಿಯೂ ದೇಶದ ಇತರ ಕಡೆಗಳಲ್ಲಿಯೂ ಡಿ.ಡಿ.ಟಿ. ಸಿಂಪಡಿಸಿದಾಗ ಮಲೇರಿಯಾ ಬಹಳವಾಗಿ ತಗ್ಗಿತು. ೧೯೫೦ರ ದಶಕದ ಕೊನೆಯ ಹೊತ್ತಿಗೆ ಭಾರತದಲ್ಲಿ ಆ ಮದ್ದಿಗೆ ಜಗ್ಗದ ಸೊಳ್ಳೆಗಳು ಕಂಡುಬಂದುವು. ಇಲ್ಲಿ ಯಾವ ಒಂದು ಸೊಳ್ಳೆಯೂ ಮದ್ದನ್ನು ಕುಡಿದು ಕುಡಿದು ಗಟ್ಟಿಯಾಗಲಿಲ್ಲ. ತಾಳಿಕೊಳ್ಳುವ ಗುಣವು ಕೆಲವಕ್ಕೆ ಹುಟ್ಟಿನಿಂದಲೇ ಇದ್ದಿತು, ಉಳಿದುವು ಸತ್ತುವು, ಉಳಿದುಕೊಂಡವುಗಳ ಸಂತತಿಯು ಹೆಚ್ಚಿತು. ಬದಲಾದುದು ಸಮುದಾಯದೊಳಗಿನ ಪ್ರಮಾಣ. ಮದ್ದಿಲ್ಲದ ಕಾಡಿನಲ್ಲಿ ಈ ಸೊಳ್ಳೆಯು ಹಳೆಯದಕ್ಕಿಂತ ಯಾವ ವಿಧದಲ್ಲಿಯೂ ಮೇಲಲ್ಲ. ಪಕಾರದ ವಿಷಯವೂ ಇಂಥದೇ. ‘ಪಾಲ್’ ಎನ್ನುತ್ತಿದ್ದವನೊಬ್ಬನು ನಡುವಯಸ್ಸಿನಲ್ಲಿ ಎದ್ದು ‘ಹಾಲ್’ ಎನ್ನತೊಡಗಲಿಲ್ಲ. ಎರಡೂ ರೂಪಗಳು ಒಂದೇ ಊರಿನಲ್ಲಿ ಜೊತೆಜೊತೆಗೆ ಇದ್ದು, ಮಕ್ಕಳ ತಲೆಮಾರುಗಳಲ್ಲಿ ಒಂದರ ಪ್ರಮಾಣವು ಏರಿತು.

ಪ್ರೌಢಶಾಲೆಯ ಪುಸ್ತಕವು ಈ ಲಕ್ಷಣದ ಹತ್ತಿರಕ್ಕೆ ಬಂದುದು ಬಹಳ ತಡವಾಗಿ. ೧೯೬೧ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು, ೨೦೦೫ರ ಪಠ್ಯಕ್ರಮದ ಚೌಕಟ್ಟನ್ನು ಅನುಸರಿಸಿ ಹತ್ತನೆಯ ತರಗತಿಗಾಗಿ ಸಿದ್ಧಪಡಿಸಿದ ವಿಜ್ಞಾನದ ಪುಸ್ತಕದಲ್ಲಿ ಅನುವಂಶೀಯತೆಯನ್ನೂ ಜೀವವಿಕಾಸವನ್ನೂ ಕುರಿತ ಒಂದು ಅಧ್ಯಾಯವನ್ನಿಟ್ಟಿತು. ಕರ್ನಾಟಕವು ೨೦೧೦ರ ದಶಕದ ಕೊನೆಯ ವರ್ಷಗಳಲ್ಲಿ ಪ್ರೌಢಶಾಲೆಯ ವಿಜ್ಞಾನಕ್ಕೆ ಈ ಮಂಡಳಿಯ ಪುಸ್ತಕಗಳನ್ನೇ ಕನ್ನಡಿಸಿ ಅಳವಡಿಸಿಕೊಂಡಿತು. ಪರೀಕ್ಷೆಗಾಗಿ ಬರೆದ ಪುಸ್ತಕಗಳೊಳಗೆ ಆ ಅಧ್ಯಾಯವು ನಿಜವಾಗಿ ಉತ್ತಮವಾದುದು. ಹಸಿರು ಪೊದೆಯಲ್ಲಿ ವಾಸಿಸುವ ಕೆಂಪು ಜೀರುಂಡೆಗಳ ನಡುವೆ ಹಸಿರು ಜೀರುಂಡೆಯೊಂದು ಹುಟ್ಟುತ್ತದೆ. ಕಾಗೆಗಳ ಕಣ್ಣಿಗೆ ಅದು ಬೀಳದ್ದರಿಂದ ಅದರ ಸಂತತಿ ಹೆಚ್ಚುತ್ತದೆ. ಇನ್ನೊಂದು ಕಥೆಯಲ್ಲಿ ನೀಲಿ ಜೀರುಂಡೆಯೊಂದಿರುತ್ತದೆ. ಆನೆಯೊಂದು ಪೊದೆಯನ್ನು ತುಳಿದುಹಾಕಿದಾಗ ಉಳಿದವುಗಳಲ್ಲಿ ಹೆಚ್ಚಿನವು ನೀಲಿಯಾಗಿದ್ದುದು ಕೇವಲ ಆಕಸ್ಮಿಕ. ಮೂರನೆಯದರಲ್ಲಿ ಗಿಡಗಳಿಗೆ ರೋಗ ಬಂದು ಜೀರುಂಡೆಗಳೆಲ್ಲ ಬಡಕಲಾಗುತ್ತವೆ. ಆದರೆ ಆ ಬಡಕಲುತನವು ಮಕ್ಕಳಿಗೆ ಇಳಿಯುವುದಿಲ್ಲ. ಆಯ್ಕೆ, ಆಕಸ್ಮಿಕ, ಗಳಿಸಿದ ಗುಣ ಎಂಬ ಮೂರನ್ನೂ ಹದಿನೈದು ವರ್ಷದವರಿಗೆ ಇಷ್ಟು ಸರಳವಾಗಿ ಬೇರ್ಪಡಿಸಿ ಹೇಳುವುದು ಸಣ್ಣ ಕೆಲಸವಲ್ಲ. ಅಧ್ಯಾಯದ ಕೊನೆಯ ಭಾಗದಲ್ಲಿ, ವಿಕಾಸವನ್ನು ಪ್ರಗತಿಯೆಂದು ಎಣಿಸಲಾಗದೆಂದು ವಿಶದಪಡಿಸುವುದಕ್ಕಾಗಿಯೇ ಒಂದು ಪ್ರತ್ಯೇಕ ಪ್ರಕರಣವಿತ್ತು. ಇಂಗ್ಲಿಷಿನಲ್ಲಿ ಆ ಪ್ರಕರಣವು ಒಂದು ಎಚ್ಚರಿಕೆ. ಕನ್ನಡದಲ್ಲಿ ಅದಕ್ಕಿಂತ ಹೆಚ್ಚಿನ ಅವಶ್ಯಕತೆಯಿತ್ತು. ಅರಳುವಿಕೆಯೆಂಬ ಹೆಸರಿಟ್ಟುಕೊಂಡ ಪಾಠವು ತನ್ನ ಹೆಸರನ್ನೇ ತಾನು ತಿದ್ದಿಕೊಳ್ಳುವ ಸ್ಥಳವದು.

೨೦೧೮ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯಸಚಿವರಾಗಿದ್ದ ಸತ್ಯಪಾಲ್ ಸಿಂಗರು ಡಾರ್ವಿನ್ನನ ಸಿದ್ಧಾಂತವು ತಪ್ಪೆಂದೂ, ಕೋತಿಯು ಮನುಷ್ಯನಾದುದನ್ನು ಕಂಡುದಾಗಿ ಪೂರ್ವಿಕರಾರೂ ಹೇಳಿಲ್ಲವೆಂದೂ, ಪಠ್ಯಪುಸ್ತಕಗಳನ್ನು ಬದಲಾಯಿಸಬೇಕೆಂದೂ ನುಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳೂ ಕೂಡಿ ಇದನ್ನು ಖಂಡಿಸಿದುವು. ವಾದದ ಸ್ವರೂಪವನ್ನು ಮಾತ್ರ ಇಲ್ಲಿ ಗಮನಿಸಬಹುದು. ಪಕಾರವು ಹಕಾರವಾದುದನ್ನು ಕಂಡುದಾಗಿಯೂ ಪೂರ್ವಿಕರಾರೂ ಬರೆದಿಟ್ಟಿಲ್ಲ. ಬೇರೆ ಬೇರೆ ಕಾಲದ ಶಾಸನಗಳನ್ನು ಸಾಲಾಗಿಟ್ಟು, ಸೋದರಭಾಷೆಗಳೊಡನೆ ಹೋಲಿಸಿ, ಅದನ್ನು ತಿಳಿಯಲಾಗಿದೆ. ಜೀವಶಾಸ್ತ್ರಕ್ಕೂ ಶಾಸನಗಳುಂಟು; ಅವು ಕಲ್ಲಿನಲ್ಲಿಯೇ ಇವೆ. ಶಿವಮೊಗ್ಗ, ಚಿತ್ರದುರ್ಗ ಸೀಮೆಗಳ ಧಾರವಾಡ ಶಿಲಾಸ್ತರಗಳ ಸುಣ್ಣಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ದೊರೆತಿವೆ. ಅವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮೇಲ್ಪಟ್ಟುದು.

ಸಾಂಕ್ರಾಮಿಕದ ವರ್ಷಗಳಲ್ಲಿ ಪಠ್ಯದ ಭಾರವನ್ನು ಇಳಿಸುವ ಕ್ರಮವು ಆರಂಭವಾಯಿತು. ೨೦೨೩ರ ಹೊತ್ತಿಗೆ ಮಂಡಳಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ವೆಂಬ ಅಧ್ಯಾಯವು ‘ಅನುವಂಶೀಯತೆ’ಯಷ್ಟೇ ಆಗಿ ಉಳಿಯಿತು. ಜೀರುಂಡೆಗಳು, ಪಳೆಯುಳಿಕೆಗಳು, ಮಾನವನ ವಂಶ, ಪ್ರಗತಿಯನ್ನು ಕುರಿತ ಪ್ರಕರಣ ಎಲ್ಲವೂ ಹೋದುವು. ಆ ವರ್ಷದ ಏಪ್ರಿಲಿನಲ್ಲಿ ೧೮೦೦ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರವೊಂದಕ್ಕೆ ಸಹಿ ಮಾಡಿ ಇದನ್ನು ವಿರೋಧಿಸಿದರು. ವಿಷಯವು ಹನ್ನೆರಡನೆಯ ತರಗತಿಯಲ್ಲಿ ವಿಸ್ತಾರವಾಗಿಯೇ ಇದೆಯೆಂಬುದು ಕೊಡಲಾದ ಸಮಾಧಾನ. ಈ ಸಮಾಧಾನವು ಕನ್ನಡದ ಮಟ್ಟಿಗೆ ಎಷ್ಟು ಹಿಡಿಯುತ್ತದೆಂಬುದನ್ನು ನೋಡಬೇಕು. ಹತ್ತನೆಯ ತರಗತಿಯು ಎಲ್ಲರೂ ಜೀವಶಾಸ್ತ್ರವನ್ನು ಓದುವ ಕೊನೆಯ ತರಗತಿ. ಅಲ್ಲಿಂದ ಮುಂದೆ ಕಲೆ, ವಾಣಿಜ್ಯಗಳಿಗೆ ಹೋಗುವವರಿಗೂ ಓದು ನಿಲ್ಲಿಸುವವರಿಗೂ ಆ ಶಾಸ್ತ್ರವಿಲ್ಲ. ವಿಜ್ಞಾನಕ್ಕೆ ಹೋಗುವವರು ಅದನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಓದುತ್ತಾರೆ. ಹತ್ತನೆಯ ತರಗತಿಯಲ್ಲಿ ಈ ಪಾಠವು ಇಲ್ಲವಾದರೆ, ವಿಕಾಸದ ಸರಿಯಾದ ಲಕ್ಷಣವನ್ನು ಕನ್ನಡದಲ್ಲಿ ಕೇಳುವ ಸಂದರ್ಭವೇ ಕನ್ನಡದ ವಿದ್ಯಾರ್ಥಿಗೆ ಬರುವುದಿಲ್ಲ. ಮಾತು ಮಾತ್ರ ಭಾಷೆಯಲ್ಲಿ ಉಳಿಯುತ್ತದೆ, ತನ್ನ ಹಳೆಯ ಅರಳುವ ಅರ್ಥದೊಡನೆ. ವ್ಯಕ್ತಿತ್ವ ವಿಕಾಸದ ಶಿಬಿರಗಳೂ ಅದನ್ನೇ ದಿನವೂ ಗಟ್ಟಿಮಾಡುತ್ತಿರುತ್ತವೆ.

ಮಾತನ್ನೇ ಬದಲಾಯಿಸಬೇಕೆಂಬ ಸಲಹೆಯಿಂದ ಪ್ರಯೋಜನವಿಲ್ಲ. ನೂರು ವರ್ಷ ರೂಢಿಯಲ್ಲಿ ನಿಂತ ಪದವನ್ನು ಸಮಿತಿಗಳು ಕಿತ್ತುಹಾಕಲಾರವು. ಆದರೆ ಹೆಸರಿನ ದೋಷವನ್ನು ತಿದ್ದತಕ್ಕ ಸಾಮಗ್ರಿಯು ಕನ್ನಡದ ಪಾಠದಲ್ಲಿ ಈಗಾಗಲೇ ಇದೆ, ಮತ್ತು ಅದು ಕೇವಲ ಉಪಮಾನವಲ್ಲ, ಪ್ರಮಾಣದ ರೀತಿಯನ್ನೇ ಕಲಿಸುವಂಥದು. ‘ಕಣ್’ ಮತ್ತು ‘ಪನಿ’ ಸೇರಿ ‘ಕಂಬನಿ’ಯಾಗುವುದನ್ನು ಆದೇಶಸಂಧಿಗೆ ಉದಾಹರಣೆಯಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಪಾಠ ಮಾಡಿರುತ್ತಾನೆ. ಬಿಡಿಯಾಗಿ ನಿಂತ ಪನಿಯು ‘ಹನಿ’ಯಾಯಿತು, ಕಣ್ಣಿನ ಮರೆಯಲ್ಲಿ ಕುಳಿತ ಪನಿಯು ‘ಬನಿ’ಯಾಗಿ ಹಾಗೆಯೇ ಉಳಿಯಿತು. ಹೊಳೆಹೊನ್ನೂರಿನ ಸುತ್ತಿನ ಅಡಕೆಯ ತೋಟಗಳಲ್ಲಿ ಇದಕ್ಕಿಂತ ಸೊಗಸಾದ ಸಾಕ್ಷಿಯಿದೆ. ಅಡಕೆಯ ‘ಹಾಳೆ’ಯು ಹಿಂದಿನ ‘ಪಾಳೆ’. ಆದರೆ ಹೊನ್ನಿನ ಬಣ್ಣದ ಎಳೆಯ ಗೊನೆಯನ್ನು ತೋಟದವರು ಇಂದಿಗೂ ‘ಹೊಂಬಾಳೆ’ ಎನ್ನುತ್ತಾರೆ. ಈ ಒಂದು ಮಾತಿನಲ್ಲಿ ಮೊದಲ ಪಕಾರವು ಹಕಾರವಾಗಿದೆ, ಎರಡನೆಯದು ಬಕಾರವಾಗಿ ಹಳೆಯ ಸಂಬಂಧವನ್ನು ಹೇಳುತ್ತಿದೆ. ಪಂಪೆಯು ‘ಹಂಪೆ’ಯಾದಾಗಲೂ ಮಕಾರದ ಬಳಿಯ ಪಕಾರವು ಕದಲಲಿಲ್ಲ. ತಿಮಿಂಗಿಲದ ಮಾಂಸದೊಳಗೆ ಹುದುಗಿರುವ, ಈಗ ನಡೆಯಲು ಬಾರದ ಸೊಂಟದ ಎಲುಬು ತನ್ನ ನೆಲದ ಮೇಲಿನ ಪೂರ್ವಿಕರನ್ನು ಸಾರುವುದು ಇದೇ ರೀತಿಯಲ್ಲಿ. ಬಳಕೆಗಾಗಿ ಹೊಸದಾಗಿ ಮಾಡಿದ ವಸ್ತುವಾಗಿದ್ದರೆ ಇಂಥ ಹಳೆಯ ಗುರುತುಗಳು ಅದರಲ್ಲಿ ಇರಲು ಕಾರಣವಿರುತ್ತಿರಲಿಲ್ಲ.

ಹೋಲಿಕೆಗೆ ಮೇರೆಯುಂಟೆಂಬುದನ್ನೂ ಹೇಳತಕ್ಕದ್ದೇ. ಭಾಷೆಗಳು ಒಂದರಿಂದೊಂದು ಸಾಲ ತೆಗೆದುಕೊಳ್ಳುತ್ತವೆ. ಪಕಾರವು ಹಕಾರವಾದಮೇಲೆ ಕನ್ನಡಕ್ಕೆ ಪುಸ್ತಕ, ಪಾಪ, ಪೂಜೆಗಳ ಪಕಾರವು ಸಂಸ್ಕೃತದಿಂದ ಬಂದು ಸೇರಿಕೊಂಡಿತು. ಪ್ರಾಣಿಗಳಲ್ಲಿ ಇಂಥ ಸಾಲವು ಅಪರೂಪ, ಸೂಕ್ಷ್ಮಜೀವಿಗಳಲ್ಲಿ ಮಾತ್ರ ಸಾಮಾನ್ಯ. ಮಾತು ಕಲಿಕೆಯಿಂದ ಇಳಿದುಬರುತ್ತದೆ, ದೇಹಲಕ್ಷಣವು ಜೀನುಗಳಿಂದ. ಎಲ್ಲಕ್ಕಿಂತ ಮುಖ್ಯವಾಗಿ, ‘ಹಾಲು’ ಎಂದವರು ಬದುಕಿ ‘ಪಾಲ್’ ಎಂದವರು ಅಳಿದರೆಂದು ಯಾರೂ ಹೇಳಲಾರರು; ಇಲ್ಲಿ ಕಾಣುವುದು ಸೊಳ್ಳೆಯ ಆಯ್ಕೆಗಿಂತ ಹೆಚ್ಚಾಗಿ ಆನೆಯು ತುಳಿದ ಪೊದೆಯ ಆಕಸ್ಮಿಕ. ಆದುದರಿಂದ ಭಾಷೆಯ ಪಾಠವು ಸಂತತಿಯನ್ನೂ ಕವಲನ್ನೂ ಪಳೆಯುಳಿಕೆಯನ್ನೂ ಪ್ರಮಾಣದ ಬದಲಾವಣೆಯನ್ನೂ ಕಲಿಸಬಲ್ಲದು. ಪ್ರಕೃತಿಯ ಆಯ್ಕೆಯನ್ನು ಅದು ಕಲಿಸಲಾರದು. ಅದಕ್ಕೆ ಹಸಿರು ಜೀರುಂಡೆಯೂ ಕಾಗೆಯೂ ಬೇಕು.